ಅರಸರು ತೀರಿಕೊಂಡಾಗ ಬಾವುಟ ಇಳಿಸುವವರು ಯಾರು?

2013ರ ಡಿಸೆಂಬರ್ 10ರ ಮಧ್ಯಾಹ್ನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 60. ಹತ್ತು ದಿನದ ಹಿಂದಷ್ಟೇ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ನಾನಾಗ ಸೋಲದೇವನಹಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಸುದ್ದಿ ಬಂದಾಗ ನಮ್ಮ ಪಿಜಿಯಲ್ಲಿ ಎದ್ದ ಮೊದಲ ಪ್ರಶ್ನೆ, ನಿಜ ಹೇಳಬೇಕೆಂದರೆ, "ಮಗಾ, ನಾಳೆ ಕಾಲೇಜು ಇದ್ಯಾ?" ಎಂಬುದು. ಎರಡನೆಯದನ್ನು ಕೇಳಿದವನು ಬೈಲಹೊಂಗಲದ ಕಡೆಯ ಹುಡುಗ: "ನಿಮ್ಮ ಮಹಾರಾಜ್ರು ತೀರಿಕೊಂಡ್ರ ನಮಗ ಯಾಕಪಾ ಸೂತಕ?"

ಅವನು ತಮಾಷೆಗೇ ಕೇಳಿದ್ದು. ಆದರೆ ಪ್ರಶ್ನೆಯಲ್ಲಿ ಹುರುಳಿತ್ತು. ರಾಜಮನೆತನದವರು ತೀರಿಕೊಂಡಾಗ 'ನಾಡು ಶೋಕದಲ್ಲಿ ಮುಳುಗಿದೆ' ಎಂದು ಟಿವಿಯವರು ಹೇಳುತ್ತಾರಲ್ಲ, ಆ ನಾಡು ಯಾವುದು? ಶೋಕ ಯಾರದು? ಅದನ್ನು ಘೋಷಿಸುವ ಅಧಿಕಾರ ಯಾರಿಗಿದೆ?

ಮೊದಲು ಕಾನೂನು. 2002ರ ಭಾರತದ ಧ್ವಜ ಸಂಹಿತೆಯಲ್ಲಿ ಯಾರು ತೀರಿಕೊಂಡರೆ ಎಲ್ಲೆಲ್ಲಿ ಬಾವುಟ ಅರ್ಧಕ್ಕೆ ಇಳಿಯಬೇಕು ಎಂಬ ಪಟ್ಟಿ ಇದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದಾದ್ಯಂತ. ರಾಜ್ಯಪಾಲರು, ಮುಖ್ಯಮಂತ್ರಿಯಾದರೆ ಆಯಾ ರಾಜ್ಯದಲ್ಲಿ. ರಾಜ್ಯದ ಸಂಪುಟ ದರ್ಜೆಯ ಸಚಿವರಾದರೆ ಆ ರಾಜ್ಯದ ರಾಜಧಾನಿಯಲ್ಲಿ. ವಿದೇಶಿ ಗಣ್ಯರಾದರೆ ಕೇಂದ್ರ ಗೃಹ ಸಚಿವಾಲಯ ಪ್ರತ್ಯೇಕ ಸೂಚನೆ ಕೊಡುತ್ತದೆ. ಇಳಿಸುವುದಕ್ಕೂ ಒಂದು ಕ್ರಮವಿದೆ: ಬಾವುಟವನ್ನು ಮೊದಲು ಕಂಬದ ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಪೂರ್ತಿ ಇಳಿಸುವ ಮುಂಚೆ ಮತ್ತೊಮ್ಮೆ ತುದಿ ಮುಟ್ಟಿಸಬೇಕು.

ಈ ಪಟ್ಟಿಯಲ್ಲಿ ಮಹಾರಾಜರಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. 1971ರ 26ನೇ ತಿದ್ದುಪಡಿ ರಾಜಧನವನ್ನು ರದ್ದು ಮಾಡಿತು. ಸಂವಿಧಾನಕ್ಕೆ 363ಎ ವಿಧಿ ಸೇರಿಸಿ, ಮಾಜಿ ಸಂಸ್ಥಾನಿಕರಿಗಿದ್ದ 'ಅರಸ' ಎಂಬ ಅಧಿಕೃತ ಮಾನ್ಯತೆಯನ್ನೂ ತೆಗೆದುಹಾಕಿತು. ಮೈಸೂರಿನ ಮಟ್ಟಿಗೆ ಆ ಮಾನ್ಯತೆ ಇದ್ದ ಕೊನೆಯವರು ಜಯಚಾಮರಾಜೇಂದ್ರ ಒಡೆಯರ್. ಅವರು 1974ರ ಸೆಪ್ಟೆಂಬರ್ 23ರಂದು ತೀರಿಕೊಳ್ಳುವ ಹೊತ್ತಿಗೆ ಕಾನೂನಿನ ಕಣ್ಣಲ್ಲಿ ನಮ್ಮ ನಿಮ್ಮಂಥ ಪ್ರಜೆ. ಅವರ ಮಗ ಶ್ರೀಕಂಠದತ್ತರು ಒಂದು ದಿನವೂ ಕಾನೂನಿನ ಪ್ರಕಾರ ಮಹಾರಾಜರಾಗಿರಲಿಲ್ಲ. ಮೈಸೂರಿನಿಂದ ನಾಲ್ಕು ಸಲ ಗೆದ್ದ ಸಂಸದರಾಗಿದ್ದರು, ಅಷ್ಟೇ.

ಹಾಗಿದ್ದರೆ ಸಕಲ ಸರ್ಕಾರಿ ಗೌರವ ಹೇಗೆ? ಧ್ವಜ ಸಂಹಿತೆಯ ಪಟ್ಟಿ ಕನಿಷ್ಠದ ಲೆಕ್ಕ. ಅದರಾಚೆಗೆ ಯಾರಿಗೆ ಶೋಕಾಚರಣೆ, ಯಾರಿಗೆ ಪೊಲೀಸ್ ಬ್ಯಾಂಡು, ಯಾರಿಗೆ ಮೂರು ಸುತ್ತು ಗುಂಡು ಎಂಬುದನ್ನು ರಾಜ್ಯಗಳಲ್ಲಿ ಅಂದಿನ ಸರ್ಕಾರವೇ ತೀರ್ಮಾನಿಸುತ್ತದೆ. ಸಿನಿಮಾ ನಟರಿಗೆ, ಸಾಹಿತಿಗಳಿಗೆ, ಮಠಾಧೀಶರಿಗೆ ಸಿಗುವುದೂ ಹೀಗೆಯೇ. ಒಂದು ವಿಷಯ ಮಾತ್ರ ಬಿಗಿ: ಸರ್ಕಾರಿ ಗೌರವದ, ಸೇನೆಯ ಅಥವಾ ಸಶಸ್ತ್ರ ಪಡೆಗಳ ಅಂತ್ಯಕ್ರಿಯೆಯಲ್ಲದೆ ಬೇರೆಲ್ಲೂ ಶವದ ಮೇಲೆ ರಾಷ್ಟ್ರಧ್ವಜ ಹೊದಿಸುವಂತಿಲ್ಲ. ಹೊದಿಸಿದ ಬಾವುಟವನ್ನು ಚಿತೆಗೆ ಹಾಕುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ಅಂದರೆ ಬಾವುಟ ಸಿಗುವುದೂ ಸಿಗದಿರುವುದೂ ಒಂದು ರಾಜಕೀಯ ಹೇಳಿಕೆಯೇ. ವಿಧಾನಸೌಧದಲ್ಲಿ ಕೂತವರು 'ಇದು ಸಾರ್ವಜನಿಕ ನಷ್ಟ' ಎಂದರೆ ಅದು ಸಾರ್ವಜನಿಕ ನಷ್ಟ.

ಇಂಥ ಹೇಳಿಕೆಗಳು ಎಷ್ಟು ವಿಚಿತ್ರವಾಗಿ ಡಿಕ್ಕಿ ಹೊಡೆಯಬಹುದು ಎನ್ನುವುದಕ್ಕೆ 2022ರ ಸೆಪ್ಟೆಂಬರ್ ನೋಡಿ. 8ನೇ ತಾರೀಖಿನ ಸಂಜೆ ದೆಹಲಿಯಲ್ಲಿ ಪ್ರಧಾನಿ ಕರ್ತವ್ಯಪಥವನ್ನು ಉದ್ಘಾಟಿಸಿದರು. ಗುಲಾಮಗಿರಿಯ ಗುರುತೊಂದು ಅಳಿಯಿತು ಎಂದರು. ಅದೇ ದಿನ ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿ ತೀರಿಕೊಂಡರು. ಮೂರೇ ದಿನಕ್ಕೆ, ಸೆಪ್ಟೆಂಬರ್ 11ರಂದು, ದೇಶದಾದ್ಯಂತ ಒಂದು ದಿನದ ಶೋಕಾಚರಣೆ. ಬೆಂಗಳೂರಿನಲ್ಲಿ ಆಗಷ್ಟೇ ಮಳೆಗೆ ಬೆಳ್ಳಂದೂರು, ಮಹದೇವಪುರದ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಮನೆ ಬಿಟ್ಟಿದ್ದರು. 1961ರಲ್ಲಿ ರಾಣಿ ಇಲ್ಲಿಗೆ ಬಂದಾಗ ಲಾಲ್‌ಬಾಗಿನಲ್ಲಿ ನೆಟ್ಟ ಗಿಡದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಲೇಖನ ಬಂತು. ರಾಜತಾಂತ್ರಿಕ ಶಿಷ್ಟಾಚಾರ ಎಂದರೆ ಹಾಗೇ ಇರುತ್ತದೆ, ಒಪ್ಪೋಣ. ಅದನ್ನು ಶೋಕ ಎಂದು ಕರೆಯುವುದಷ್ಟೇ ನನಗೆ ಕಷ್ಟ.

ಮತ್ತೆ 2013ಕ್ಕೆ ಬರೋಣ. ಮರುದಿನ, ಡಿಸೆಂಬರ್ 11ರಂದು, ಮೈಸೂರಿನ ಮಧುವನದಲ್ಲಿ ಅಂತ್ಯಕ್ರಿಯೆ ನಡೆಯಿತು. ಮಕ್ಕಳಿಲ್ಲದ ಅವರ ಚಿತೆಗೆ ಅಕ್ಕನ ಮಗ ಬೆಂಕಿ ಕೊಟ್ಟರು. ವಾಹಿನಿಗಳಲ್ಲಿ ಅಲಮೇಲಮ್ಮನ ಶಾಪದ ಕಥೆ ಮುಗಿಯಲೇ ಇಲ್ಲ. ಆದರೆ ಇನ್ನೊಂದು ಕಥೆಯಿತ್ತು, ಅದು ಉತ್ತರ ಬೆಂಗಳೂರಿನವರಿಗೆ ಶಾಪಕ್ಕಿಂತ ಹತ್ತಿರದ್ದು.

ಬೆಂಗಳೂರು ಅರಮನೆ ಮತ್ತು ಅದರ ಸುತ್ತಲಿನ ಸುಮಾರು 472 ಎಕರೆಯನ್ನು ವಶಕ್ಕೆ ತೆಗೆದುಕೊಳ್ಳಲು ರಾಜ್ಯ ಸರ್ಕಾರ 1996ರಲ್ಲೇ ಒಂದು ಕಾಯ್ದೆ ಮಾಡಿತ್ತು. ಪರಿಹಾರ 11 ಕೋಟಿ ರೂಪಾಯಿ. ಶ್ರೀಕಂಠದತ್ತರು ಕೋರ್ಟಿಗೆ ಹೋದರು. ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ ದಶಕಗಳಿಂದ ಅಲ್ಲೇ ಕೂತಿದೆ. ಅಂದರೆ ಬಾವುಟ ಹೊದಿಸಿ ಗುಂಡು ಹಾರಿಸಿದ ಸರ್ಕಾರವೂ ಚಿತೆಯ ಮೇಲಿದ್ದವರೂ ಅದೇ ಹೊತ್ತಿನಲ್ಲಿ ಒಂದೇ ವ್ಯಾಜ್ಯದ ಎದುರುಬದುರು ಕಕ್ಷಿದಾರರು. ಯಾವ ವಾಹಿನಿಯ ಪರದೆಯಲ್ಲೂ ನಾನು ಆ ದಿನ ಈ ಮಾತು ನೋಡಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತೀರಾ? ಕೋರ್ಟಿಗೆ ಹೋಗುವುದು ಕೆಟ್ಟ ಕೆಲಸವೇನಲ್ಲ. ಆಸ್ತಿಯ ಹಕ್ಕು ಕೇಳುವ ಪ್ರಜೆಯಾಗಿ ಅವರು ಕೋರ್ಟಿನಲ್ಲಿದ್ದರು, ಮಹಾರಾಜರಾಗಿ ಮೆರವಣಿಗೆಯಲ್ಲಿದ್ದರು. ಸರ್ಕಾರಕ್ಕೆ ಎರಡೂ ಬೇಕಿತ್ತು.

ಈ ವ್ಯಾಜ್ಯದ ಬಿಸಿ ಈಗಲೂ ಇದೆ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ ಬೇಕಾದ ಸುಮಾರು 15 ಎಕರೆಗೆ ಅಭಿವೃದ್ಧಿ ಹಕ್ಕು ವರ್ಗಾವಣೆಯ ರೂಪದಲ್ಲಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿದಾಗ, ಅದರ ಮೌಲ್ಯ ಸುಮಾರು 3,000 ಕೋಟಿ ರೂಪಾಯಿ ಆಗುತ್ತದೆಂದು ಸರ್ಕಾರ ಗಾಬರಿಬಿದ್ದು, 2025ರ ಆರಂಭದಲ್ಲಿ ಅದನ್ನು ತಪ್ಪಿಸಲು ಶಾಸನದ ದಾರಿ ಹಿಡಿಯಿತು. ಮೇಖ್ರಿ ಸರ್ಕಲ್ಲಿನಲ್ಲಿ ದಿನಾ ಅರ್ಧ ಗಂಟೆ ನಿಲ್ಲುವವರು ನಿಂತಿರುವುದು ಈ ಜಗಳದ ಪಕ್ಕದಲ್ಲೇ. ಅತ್ತ 2015ರಲ್ಲಿ ದತ್ತು ಬಂದು ಪಟ್ಟಕ್ಕೇರಿದ ಯದುವೀರ್ ಒಡೆಯರ್ 2024ರಲ್ಲಿ ಬಿಜೆಪಿಯಿಂದ ಮೈಸೂರು-ಕೊಡಗು ಸಂಸದರಾದರು. ರಾಜರೇ ಇಲ್ಲ ಎಂದ ಸಂವಿಧಾನದಡಿಯಲ್ಲಿ 'ಮಹಾರಾಜರು' ಎಂಬ ಹೆಸರು ಇನ್ನೂ ವೋಟು ತರುತ್ತದೆ.

ಹಾಗಂತ ಜನರ ದುಃಖವೆಲ್ಲ ಬರೀ ಸರ್ಕಾರದ ನಾಟಕ ಎಂದು ನಾನು ಹೇಳುವುದಿಲ್ಲ. ಹಳೇ ಮೈಸೂರಿನಲ್ಲಿ ಅದಕ್ಕೆ ಗಟ್ಟಿಯಾದ ಬುಡವಿದೆ, ಮತ್ತು ಅದರ ಒಂದು ಬೇರು ಸೋಲದೇವನಹಳ್ಳಿಯಲ್ಲೇ ಸಿಗುತ್ತದೆ.

ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡರು. ವಯಸ್ಸು ಬರೀ 31. ಅಂತ್ಯಕ್ರಿಯೆಯೂ ಅಲ್ಲೇ ಆಯಿತು. ಮೈಸೂರಿನ ಜನ ಕೊನೆಯ ಸಲ ಮುಖವನ್ನೂ ನೋಡಲಿಲ್ಲ. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಅವರು ದೊಡ್ಡವರಾಗುವವರೆಗೆ, 1902ರ ತನಕ, ತಾಯಿ ವಾಣಿವಿಲಾಸ ಸನ್ನಿಧಾನದವರು ಆಡಳಿತ ನಡೆಸಿದರು. ಬೆಂಗಳೂರಿಗೆ ಹೆಸರಘಟ್ಟ ಕೆರೆಯಿಂದ ನೀರು ತರುವ ಯೋಜನೆ ಆಗಷ್ಟೇ ನಡೆಯುತ್ತಿತ್ತು. ಆ ನೀರು ಹರಿದು ಬಂದದ್ದು ಸೋಲದೇವನಹಳ್ಳಿಗೆ. ಅಲ್ಲಿನ ಪಂಪ್‌ಹೌಸಿನ ಉಗಿ ಯಂತ್ರಗಳು ಅದನ್ನು ಎತ್ತಿ ನಗರದ ಕಡೆಗೆ ನೂಕುತ್ತಿದ್ದವು. 1896ರಲ್ಲಿ ನಲ್ಲಿಗಳಿಗೆ ನೀರು ಬಂದಾಗ ಅದು 'ಚಾಮರಾಜೇಂದ್ರ ಜಲಮಂದಿರ'ದ ಥರದ ಸ್ಮಾರಕವಾಗಿ ಅಲ್ಲ, ಚಾಮರಾಜೇಂದ್ರ ವಾಟರ್ ವರ್ಕ್ಸ್ ಆಗಿ ಬಂತು. ಕೊಡ ತುಂಬಿದಾಗಲೆಲ್ಲ ಹೆಸರು ನೆನಪಾಗುವ ಶೋಕ. ಕಬ್ಬನ್ ಪಾರ್ಕಿನ ಅಧಿಕೃತ ಹೆಸರೂ ಶ್ರೀ ಚಾಮರಾಜೇಂದ್ರ ಪಾರ್ಕ್, ಅದನ್ನು ಯಾರೂ ಬಳಸುವುದಿಲ್ಲ ಎನ್ನುವುದು ಬೇರೆ ಮಾತು. (ನಾವು ಓದುವಾಗ ಸೋಲದೇವನಹಳ್ಳಿಯ ಪಿಜಿಗೆ ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ. ಒಂದು ಕಾಲಕ್ಕೆ ಊರಿಗೆಲ್ಲ ನೀರು ಕೊಟ್ಟ ಹಳ್ಳಿ.)

ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ 1940ರ ಆಗಸ್ಟ್ 3ರಂದು ಬೆಂಗಳೂರು ಅರಮನೆಯಲ್ಲಿ ತೀರಿಕೊಂಡರು. ಮಂಡ್ಯದ ಕಡೆ ರೈತರ ಮನೆಗಳಲ್ಲಿ ಇಂದಿಗೂ ದೇವರ ಫೋಟೊಗಳ ಪಕ್ಕ ಅವರ ಫೋಟೊ ಇರುತ್ತದೆ. ಯಾವ ಸರ್ಕಾರಿ ಆದೇಶವೂ ಅದನ್ನು ಅಲ್ಲಿ ತೂಗುಹಾಕಲಿಲ್ಲ. ಕನ್ನಂಬಾಡಿಯ ನಾಲೆಯಲ್ಲಿ ನೀರು ಬಂದದ್ದಕ್ಕೆ ಅದು ಅಲ್ಲಿದೆ.

ಆದರೆ ನನ್ನ ಬೈಲಹೊಂಗಲದ ಗೆಳೆಯನ ಮನೆಯಲ್ಲಿ ಆ ಫೋಟೊ ಯಾಕಿರಬೇಕು? ಬೆಳಗಾವಿ, ಧಾರವಾಡ ಬಾಂಬೆ ಪ್ರಾಂತದಲ್ಲಿದ್ದವು. ಕಲಬುರಗಿ, ರಾಯಚೂರು ನಿಜಾಮರ ಕೆಳಗೆ. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ದವು. ಅವನ ಊರಿನ ಅರಸಿ ಕಿತ್ತೂರು ಚೆನ್ನಮ್ಮ. ಆಕೆ 1829ರಲ್ಲಿ ಬ್ರಿಟಿಷರ ಸೆರೆಯಾಳಾಗಿ ಬೈಲಹೊಂಗಲದಲ್ಲೇ ತೀರಿಕೊಂಡಳು. ಆಕೆಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ಸಾವುಗಳಿಗೆ ಶೋಕಾಚರಣೆ ಘೋಷಿಸುವ ಸರ್ಕಾರವಿರಲಿಲ್ಲ, ಇದ್ದ ಸರ್ಕಾರವೇ ಕೊಂದಿತ್ತು. ಜನ ಲಾವಣಿ ಕಟ್ಟಿ ಹಾಡಿದರು. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟುತ್ತಾರೆ. ಸರ್ಕಾರದ ಉತ್ಸವ, ಪ್ರತಿಮೆ, ರೈಲು ನಿಲ್ದಾಣಕ್ಕೆ ಹೆಸರು, ಇವೆಲ್ಲ ಬಂದದ್ದು ಎಷ್ಟೋ ಕಾಲದ ನಂತರ. 2013ರಲ್ಲಿ ಬೆಂಗಳೂರಿನಿಂದ ಹೊರಟ ಶೋಕಾಚರಣೆಯ ಆದೇಶ ಬೈಲಹೊಂಗಲದ ತಾಲ್ಲೂಕು ಕಚೇರಿಗೂ ಒಂದೇ, ಮೈಸೂರಿಗೂ ಒಂದೇ. ಏಕೀಕರಣವಾಗಿ ಆರು ದಶಕವಾದರೂ ಹಳೇ ಮೈಸೂರಿನ ಅರಸರೇ 'ನಾಡಿನ' ಅರಸರಾಗಿ ಉಳಿದಿದ್ದಾರೆ ಎಂಬ ಅವನ ತಕರಾರು ಸಣ್ಣದಲ್ಲ.

ಇನ್ನು ಹಳೇ ಮೈಸೂರಿನ ಒಳಗೇ ಇರುವ ತಕರಾರು. ನಾಲ್ವಡಿಯವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, 1938ರ ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸುವುದಕ್ಕೆ ನಿಷೇಧವಿತ್ತು. ಅದನ್ನು ಮುರಿಯಲು ಸೇರಿದ್ದ ಜನರ ಮೇಲೆ ಮಹಾರಾಜರ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕ ಒಂದಾದರೆ ಜನರ ಲೆಕ್ಕ ಮೂರು ಪಟ್ಟು. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಅನುಮತಿ ಸಿಕ್ಕಿತು. 1940ರಲ್ಲಿ ಅರಸರಿಗಾಗಿ ಕಣ್ಣೀರಿಟ್ಟ ಪ್ರಜೆಗಳೂ ಈ ಬಾವುಟಕ್ಕಾಗಿ ಸತ್ತವರ ಮನೆಯವರೂ ಒಂದೇ ಸಂಸ್ಥಾನದವರು. ಕೆಲವು ಮನೆಗಳಲ್ಲಿ ಎರಡೂ ದುಃಖ ಒಟ್ಟಿಗೇ ಇದ್ದಿರಬೇಕು. ನಮ್ಮ ಪಠ್ಯಪುಸ್ತಕಗಳಿಗೆ ಇಂಥ ಮನೆಯನ್ನು ಊಹಿಸಿಕೊಳ್ಳಲು ಬರುವುದಿಲ್ಲ: ಒಂದೋ ರಾಜರ್ಷಿ, ಇಲ್ಲವೋ ದಬ್ಬಾಳಿಕೆ.

ವಿದುರಾಶ್ವತ್ಥದಲ್ಲಿ ಈಗ ಸ್ಮಾರಕವಿದೆ, ಚಿತ್ರಪಟಗಳ ಗ್ಯಾಲರಿಯಿದೆ. ಉತ್ತರ ಬೆಂಗಳೂರಿನಿಂದ ಹೋಗುವುದಾದರೆ ಯಲಹಂಕ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು. ಅಲ್ಲಿಂದ ಸ್ವಲ್ಪವೇ ದೂರ. ದೇವಸ್ಥಾನಕ್ಕೆ ನಾಗರಕಲ್ಲು ನೋಡಲು ಬರುವವರೇ ಹೆಚ್ಚು. ಏಪ್ರಿಲ್ 25ರಂದು ರಾಜ್ಯದಲ್ಲಿ ಬಾವುಟ ಅರ್ಧಕ್ಕೆ ಇಳಿಯುವುದಿಲ್ಲ. ಧ್ವಜ ಸಂಹಿತೆಯ ಪಟ್ಟಿಯಲ್ಲಿ ಅವರೂ ಇಲ್ಲ.