ಗಡ್ಡೆಯಿಲ್ಲದ ದಾಯಾದಿ: ಆಲೂಗಡ್ಡೆಯ ಕಾಡುಬಳಗದ ವಂಶಸಂಬಂಧ

ಚಿಲಿ ದೇಶದ ಸೊಲೇನಮ್ ಎಟುಬರೋಸಮ್ ಎಂಬ ಬಹುವಾರ್ಷಿಕ ಮೂಲಿಕೆಯನ್ನು ಕಂಡವರು ಅದನ್ನು ಆಲೂಗಡ್ಡೆ ಗಿಡವೆಂದೇ ತಿಳಿದಾರು. ಎಲೆಯೂ ಹೂವೂ ಅದೇ ಅಚ್ಚು. ಬುಡ ಅಗೆದರೆ ಮಾತ್ರ ನೆಲದೊಳಗೆ ಹರಿದ ಕಾಂಡವಿದೆ, ಗಡ್ಡೆಯಿಲ್ಲ. ಹೆಸರಿನ ಅರ್ಥವೂ ಅದೇ. ಈ ಗಿಡ ಸೇರಿದ ಗುಂಪಿನಲ್ಲಿರುವುದು ಮೂರೇ ಪ್ರಭೇದ. ಒಂದು ಹುವಾನ್ ಫರ್ನಾಂಡಿಸ್ ದ್ವೀಪಸ್ತೋಮಕ್ಕಷ್ಟೇ ಸೀಮಿತ.

ರೂಪವನ್ನು ನಂಬಿದ ಸಸ್ಯವಿಜ್ಞಾನಿ ಹಾಕ್ಸ್ 1990ರಲ್ಲಿ ಇವನ್ನು ಆಲೂಗಡ್ಡೆಯ ವಿಭಾಗದೊಳಗೇ ಇಟ್ಟರು. ಡಿಎನ್‌ಎ ಬೇರೆಯದನ್ನೇ ಹೇಳಿತು. ಹರಿದ್ರೇಣುಗಳ (ಕ್ಲೋರೋಪ್ಲಾಸ್ಟ್) ಡಿಎನ್‌ಎ ಆಧರಿಸಿ ಸಸ್ಯವಿಜ್ಞಾನಿ ಸ್ಪೂನರ್ ಮತ್ತು ಸಂಗಡಿಗರು 1993ರಲ್ಲಿ ಟೊಮೆಟೊವನ್ನು ಸೊಲೇನಮ್ ಕುಲಕ್ಕೆ ಮರಳಿಸಿದರು. ಲಿನೇಯಸ್ 1753ರಲ್ಲಿ ಇಟ್ಟಿದ್ದ ಜಾಗವೂ ಅದೇ. ಆಲೂಗಡ್ಡೆಗೆ ಹತ್ತಿರದ ನಂಟು ಟೊಮೆಟೊ ಎಂದಾಯಿತು. ಹಾಗಿದ್ದರೆ ಚಿಲಿಯ ಗಿಡದೊಂದಿಗೆ ಇಷ್ಟೊಂದು ಹೋಲಿಕೆ ಎಲ್ಲಿಂದ ಬಂತು?

2025ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಬೆಳೆಸಿದ ಆಲೂಗಡ್ಡೆಯ 450 ಜೀನೋಮ್‌ಗಳನ್ನೂ 56 ಕಾಡು ಪ್ರಭೇದಗಳನ್ನೂ ಪರಿಶೀಲಿಸಿದಾಗ, ಪ್ರತಿಯೊಂದರಲ್ಲೂ ಟೊಮೆಟೊ ಮತ್ತು ಎಟುಬರೋಸಮ್ ವಂಶಗಳೆರಡರ ಪಾಲೂ ಸಿಕ್ಕಿತು. ಸುಮಾರು 1.4 ಕೋಟಿ ವರ್ಷಗಳ ಹಿಂದೆ ಬೇರೆಯಾದ ಈ ಎರಡು ವಂಶಗಳು ಸುಮಾರು 90 ಲಕ್ಷ ವರ್ಷಗಳ ಹಿಂದೆ ಸಂಕರಗೊಂಡವು. ಆಂಡೀಸ್ ಮೇಲೇಳುತ್ತಿದ್ದ ಕಾಲವದು.

ಗಡ್ಡೆ ಬೇರಲ್ಲ, ಕಾಂಡ. ಅದರ ಮೇಲಿನ ಕಣ್ಣುಗಳೆಲ್ಲ ಮೊಗ್ಗುಗಳು. ಮಣ್ಣಿನೊಳಗೆ ಓಡುವ ಎಳೆಯ ತುದಿ ಮುಂದಕ್ಕೆ ಹೋಗುವುದನ್ನು ಬಿಟ್ಟು ಕೊಕ್ಕೆಯಂತೆ ಬಾಗಿ ಉಬ್ಬುತ್ತದೆ. ಉಬ್ಬಲು ಸೂಚನೆ ಕೊಡುವ ಎಸ್‌ಪಿ6ಎ ವಂಶವಾಹಿ ಟೊಮೆಟೊ ಕಡೆಯದು. ನೆಲದಡಿಯ ಕಾಂಡದ ಬೆಳವಣಿಗೆಯನ್ನು ನಿಯಂತ್ರಿಸುವ ಐಟಿ1 ಎಟುಬರೋಸಮ್ ಕಡೆಯದು. ಇಬ್ಬರಲ್ಲಿ ಯಾರಿಗೂ ಇಲ್ಲದ ಅಂಗವೊಂದು ಮಗುವಿಗೆ ಬಂತು. ಬೀಜದ ಹಂಗಿಲ್ಲದೆ ಮೊಳೆಯುವ ಗಡ್ಡೆಯಿಂದಾಗಿ ಆ ಸಂಕರ ಸಂತಾನ ಉಳಿಯಿತು, ಚಳಿಯ ಎತ್ತರಗಳಿಗೆ ಹಬ್ಬಿತು.

ಬೆರಕೆ ಅಲ್ಲಿಗೇ ನಿಲ್ಲಲಿಲ್ಲ. ಕಾಡು ಆಲೂಗಡ್ಡೆಗಳು ಇಂದಿಗೂ ತಮ್ಮೊಳಗೆ ಬೆರೆಯುತ್ತವೆ. 12ರ ಮೂಲಸಂಖ್ಯೆಯ ವರ್ಣತಂತುಗಳು ದ್ವಿಗುಣದಿಂದ ಷಡ್ಗುಣದವರೆಗೆ ಇವೆ. ಹಾಕ್ಸ್ ಎಣಿಸಿದ 232 ಪ್ರಭೇದಗಳು ಸ್ಪೂನರ್ ತಂಡದ 2014ರ ಪರಿಷ್ಕರಣೆಯಲ್ಲಿ ನೂರಹನ್ನೊಂದರ ಸುಮಾರಿಗೆ ಇಳಿದದ್ದಕ್ಕೆ ಈ ಬೆರಕೆಯೂ ಒಂದು ಕಾರಣ. ಕವಲೊಡೆಯುವುದಷ್ಟನ್ನೇ ತೋರಿಸುವ ವಂಶವೃಕ್ಷ ಈ ಬಳಗಕ್ಕೆ ಸಾಲದು, ಕವಲುಗಳು ಮತ್ತೆ ಕೂಡುವ ಚಿತ್ರವೇ ಬೇಕು ಎಂಬುದು ನನ್ನ ನಿಲುವು.

ಈ ಕಾಡುಬಳಗ ಬೇಸಾಯಕ್ಕೂ ಬೇಕು. ಹಾಸನದ ಹೊಲಗಳನ್ನು ಕಾಡುವ ಅಂಗಮಾರಿ ರೋಗಕ್ಕೆ ಮೆಕ್ಸಿಕೋದ ಕಾಡುಗಿಡ ಸೊಲೇನಮ್ ಡೆಮಿಸಮ್‌ನಿಂದ ನಿರೋಧಕ ಗುಣ ತಂದವರು ತಳಿವಿಜ್ಞಾನಿಗಳು. ಎಟುಬರೋಸಮ್‌ನಲ್ಲೂ ಆಲೂಗಡ್ಡೆಯ ವೈರಸ್‌ಗಳನ್ನು ತಡೆಯುವ ಗುಣವಿದೆ. ಗಡ್ಡೆ ಬಿಡುವ ಪ್ರಭೇದಗಳನ್ನಷ್ಟೇ ಅಲ್ಲ, ಗಡ್ಡೆ ಬಿಡದ ಈ ದಾಯಾದಿಗಳನ್ನೂ ಅವುಗಳ ನೆಲೆಯಲ್ಲೇ ಉಳಿಸಿಕೊಳ್ಳಬೇಕು.