ಒಂದೇ ತೋಟದ ರುಚಿ: ಕರ್ನಾಟಕದ ಕಾಫಿಯಲ್ಲಿ ನೆಲದ ಗುರುತು ಹಿಡಿಯುವ ಕಲೆ

ಒಂದು ಪಾನೀಯವನ್ನು ಅದರ ಬೆಳೆ ಬಂದ ತೋಟದ ಹೆಸರಿನಿಂದಲೇ ಗುರುತಿಸಿ, ಬೇರೆ ತೋಟದ್ದರೊಡನೆ ಬೆರೆಸದೆ ಸವಿದು, ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕುವ ಅಭ್ಯಾಸ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆದಿರುವುದು ವೈನಿನ ವಿಷಯದಲ್ಲಿ. ಇಟಲಿಯ ವಾಯವ್ಯ ಭಾಗದ ಬರೋಲೊ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನಿಗೆ ಬಹುಕಾಲ ಹಲವು ಗುಡ್ಡಗಳ ಹಣ್ಣನ್ನು ಕೂಡಿಸುವುದೇ ವಾಡಿಕೆಯಾಗಿತ್ತು. 1961ರ ಕುಯ್ಲಿನಲ್ಲಿ ಪ್ರುನೊಟ್ಟೊ, ವಿಯೆಟ್ಟಿ ಎಂಬ ತಯಾರಕರು ಒಂದೊಂದು ತೋಟದ ಹಣ್ಣನ್ನು ಪ್ರತ್ಯೇಕವಾಗಿ ಹುದುಗಿಸಿ ಸೀಸೆಯ ಮೇಲೆ ಆ ತೋಟದ ಹೆಸರನ್ನೇ ಹಾಕಿದರು, 1970ರ ದಶಕದಲ್ಲಿ ಅಲ್ಲಿನ ವೈನ್ ತಯಾರಕ ರೆನಾಟೊ ರಾಟ್ಟಿ ಮೇಲ್ತರದ ತೋಟಗಳ ನಕ್ಷೆ ಬರೆದರು, 2010ರಲ್ಲಿ ಕಾನೂನೇ 181 ಹೆಸರುಗಳಿಗೆ ಎಲ್ಲೆ ಗೊತ್ತುಮಾಡಿತು. ಲಾ ಮೊರಾ ಊರಿನ ಸುಣ್ಣ ಬೆರೆತ ಜೇಡಿಮಣ್ಣಿನ ವೈನು ಘಮ ಹೆಚ್ಚಾಗಿ ಬೇಗ ಹದಕ್ಕೆ ಬರುತ್ತದೆ, ಸೆರಾಲುಂಗಾದ ಮರಳುಗಲ್ಲಿನ ನೆಲದ್ದು ಒಗರು ಹೆಚ್ಚಾಗಿ ವರ್ಷಗಟ್ಟಲೆ ಕಾಯಿಸುತ್ತದೆ ಎಂಬ ತಿಳಿವಳಿಕೆ ಹೀಗೆ ತೋಟ ತೋಟವನ್ನೂ ಬೇರೆಯಾಗಿ ಸವಿದವರಿಂದ ಗಟ್ಟಿಯಾಯಿತು.

ಕರ್ನಾಟಕದಲ್ಲೂ ದ್ರಾಕ್ಷಿಯಿದೆ, ವೈನೂ ಇದೆ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬೆಳೆಯುತ್ತಿರುವ ಬೆಂಗಳೂರು ನೀಲಿ ದ್ರಾಕ್ಷಿ ಅಮೆರಿಕ ಮೂಲದ ಜಾತಿಗೆ ಸೇರಿದ್ದು. ಅದರ ಕಟುವಾದ ಪರಿಮಳ ರಸಕ್ಕೂ ಜಾಮಿಗೂ ಒಪ್ಪುತ್ತದೆಯೇ ಹೊರತು ನೆಲದ ಸೂಕ್ಷ್ಮವನ್ನು ಹೇಳುವ ವೈನಿಗೆ ಅಷ್ಟಾಗಿ ಒದಗುವುದಿಲ್ಲ. 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಗಳನ್ನು ನೆಟ್ಟಿತು, 2007ರಲ್ಲಿ ರಾಜ್ಯದ ವೈನ್ ನೀತಿ ಬಂತು, ಕೊಪ್ಪಳ ಜಿಲ್ಲೆಯ ಕೃಷ್ಮಾ ತೋಟದಲ್ಲಿ ಇಟಲಿಯ ಸಾಂಜೊವೇಸೆ ತಳಿಯೂ ಬೇರೂರಿದೆ. ಆದರೆ ವರ್ಷಕ್ಕೆರಡು ಬಾರಿ ಬಳ್ಳಿ ಸವರಿ ಒಂದೇ ಬೆಳೆ ತೆಗೆಯಬೇಕಾದ ಈ ಬಿಸಿಲುನಾಡಿನಲ್ಲಿ ವೈನಿನ ತೋಟಗಳಿಗೆ ಇನ್ನೂ ಎಳೆಯ ವಯಸ್ಸು. ತೋಟದ ಗುರುತನ್ನು ನಾಲಿಗೆಯಿಂದ ಹಿಡಿಯುವ ವಿದ್ಯೆ ಈ ನಾಡಿನಲ್ಲಿ ನಿಜವಾಗಿ ಬೆಳೆದದ್ದು ಕಾಫಿಯಲ್ಲಿ. ಅದರ ಇತಿಹಾಸ ಒಮ್ಮೆ ಕಟ್ಟಿ, ಒಮ್ಮೆ ಅಳಿಸಿ, ಮತ್ತೆ ಕಟ್ಟಿದ ಇತಿಹಾಸ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವಂಥದ್ದು. ತೋಟದ ಹೆಸರಿಗೆ ಬೆಲೆ ಬಂದದ್ದು ಅದಕ್ಕಿಂತ ಬಹಳ ತಡವಾಗಿ, 1830ರ ಸುಮಾರಿಗೆ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ ಕ್ಯಾನನ್ ಎಂಬಾತ ತೋಟ ಮಾಡಿದ ಮೇಲೆ. ಅಲ್ಲಿನ ಕಾಫಿ ಲಂಡನ್ನಿನ ಪೇಟೆಯಲ್ಲಿ ‘ಕ್ಯಾನನ್ಸ್ ಮೈಸೂರ್’ ಎಂದೇ ಪ್ರಸಿದ್ಧವಾಗಿತ್ತು. ಆಗಿನ ‘ಚಿಕ್’ ಎಂಬ ಹಳೆಯ ತಳಿಯನ್ನು ಮುಂದೆ ಕಾಂಡಕೊರಕವೂ ಎಲೆತುಕ್ಕು ರೋಗವೂ ನೆಲ ಕಚ್ಚಿಸಿದವು. ಬೆಳೆಗಾರರ ಗಮನವೆಲ್ಲ ರುಚಿಯಿಂದ ಗಿಡದ ಉಳಿವಿಗೆ ತಿರುಗಿತು. 1911ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ಆಯ್ದುಕೊಂಡ ಗಿಡ ಅವನ ಹೆಸರಿನ ತಳಿಯಾಯಿತು; 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಗಿ, ಕೆಂಟ್ ತಳಿಯನ್ನೂ ಅರೇಬಿಕಾ-ಲೈಬೀರಿಕಾ ಜಾತಿಗಳ ಸಹಜ ಸಂಕರದ ಸಂತತಿಯನ್ನೂ ಕೂಡಿಸಿ ಪಡೆದ ಎಸ್. 795 ತಳಿ 1940ರ ದಶಕದ ನಡುವೆ ಬೆಳೆಗಾರರ ಕೈ ಸೇರಿತು. ರೋಗ ತಡೆಯಲೆಂದು ಹುಡುಕಿದ ಈ ಗಿಡದ ಕಾಫಿಯೂ ಸೊಗಸಾಗಿದ್ದುದು ಈ ನಾಡಿನ ಪುಣ್ಯವೆಂದೇ ಹೇಳಬೇಕು. ತುಸು ಸಂಬಾರದ ಘಮ, ಹಿತವಾದ ಹುಳಿ, ನಾಲಿಗೆಗೆ ಸಾಕಷ್ಟು ತೂಕ ಇರುವ ಈ ತಳಿ ಇಂದಿಗೂ ಮಲೆನಾಡಿನ ಅರೇಬಿಕಾದ ಬೆನ್ನೆಲುಬು.

ತೋಟದ ಹೆಸರನ್ನು ಅಳಿಸಿದ್ದು ರೋಗವಲ್ಲ, ಯುದ್ಧಕಾಲದ ವ್ಯವಸ್ಥೆ. ಯೂರೋಪಿನ ಪೇಟೆ ಮುಚ್ಚಿಹೋಗಿ ಬೆಲೆ ಕುಸಿದಾಗ 1940ರ ಸುಗ್ರೀವಾಜ್ಞೆ, ಅದರ ಹಿಂದೆಯೇ 1942ರ ಕಾಫಿ ಕಾಯಿದೆ ಬಂದು, ಬೆಳೆಗಾರ ತನ್ನ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ‘ಪೂಲ್’ಗೆ, ಎಂದರೆ ಎಲ್ಲರ ಕಾಫಿಯೂ ಸೇರುವ ಒಂದು ಸಾಮೂಹಿಕ ಕಣಜಕ್ಕೆ, ಒಪ್ಪಿಸಬೇಕಾಯಿತು. ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ದರ್ಜೆಗಳಾಗಿ ಬೇರೆಯಾಗುತ್ತಿತ್ತು: ಪಲ್ಪ್ ಮಾಡಿ ತೊಳೆದು ಒಣಗಿಸಿದ ಅರೇಬಿಕಾ ‘ಪ್ಲಾಂಟೇಶನ್’, ಹಣ್ಣಿನ ಸಮೇತ ಒಣಗಿಸಿದ್ದು ‘ಚೆರಿ’, 6.65 ಮಿಲಿಮೀಟರ್ ಜರಡಿಯಲ್ಲಿ ನಿಲ್ಲುವ ದಪ್ಪ ಬೀಜ ‘ಎ’ ದರ್ಜೆ, ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ದುಂಡನೆಯ ಬೀಜ ‘ಪೀಬೆರಿ’. ಈ ದರ್ಜೆಗಳು ಬೀಜದ ಗಾತ್ರ, ಆಕಾರ, ಸಂಸ್ಕರಣೆ, ದೋಷಗಳನ್ನು ಹೇಳುತ್ತವೆ. ಬೀಜ ಯಾವ ಬೆಟ್ಟದ್ದೆಂದು ಹೇಳುವುದಿಲ್ಲ. ನಾಲ್ಕು ಸಾವಿರ ಅಡಿ ಎತ್ತರದಲ್ಲಿ ನಿಧಾನವಾಗಿ ಹಣ್ಣಾದದ್ದೂ ತಗ್ಗಿನ ಸೆಕೆಯಲ್ಲಿ ಬೇಗ ಕೆಂಪಾದದ್ದೂ ಗಾತ್ರ ಒಂದೇ ಆದರೆ ಒಂದೇ ರಾಶಿಗೆ ಬೀಳುತ್ತಿದ್ದವು. ಪೂಲ್ ಸಣ್ಣ ಬೆಳೆಗಾರನನ್ನು ಬದುಕಿಸಿತೆಂಬುದನ್ನು ಮರೆಯಬಾರದು. ಆದರೂ ಒಳ್ಳೆಯ ಲೋಟಕ್ಕಾಗಿ ಹಣ್ಣನ್ನು ಆರಿಸಿ ಕುಯ್ದವನಿಗೆ ಅದರ ಪ್ರತಿಫಲವೂ ಹೆಸರೂ ದಕ್ಕದ ಅರ್ಧ ಶತಮಾನ ಅದು.

ಇದೇ ಅರ್ಧ ಶತಮಾನದಲ್ಲಿ ಹಳೆಯ ಬೆಂಗಳೂರು ಕಾಫಿಯ ಇನ್ನೊಂದು ವಿದ್ಯೆಯನ್ನು ಶಿಖರಕ್ಕೇರಿಸಿತು: ಮಿಶ್ರಣದ ವಿದ್ಯೆ. 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನ, 1965ರಲ್ಲಿ ಶಂಕರಪುರದಲ್ಲಿ ತೆರೆದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂತಾದ ಹೋಟೆಲುಗಳಲ್ಲಿ ಜನ ಬಯಸುವುದು ದಿನದಿನವೂ ಬದಲಾಗದ ಒಂದೇ ರುಚಿಯನ್ನು. ಆ ಸ್ಥಿರತೆ ಬರುವುದು ಬೆರಕೆಯಿಂದಲೇ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಕಾಫಿಪುಡಿ ಅಂಗಡಿಯಲ್ಲಿ ಗಿರಾಕಿಯ ಎದುರಿಗೇ ಹುರಿದ ಪೀಬೆರಿಯನ್ನೂ ಪ್ಲಾಂಟೇಶನ್ ಎ ಬೀಜವನ್ನೂ ಇಷ್ಟಿಷ್ಟೆಂದು ತೂಗಿ, ಮೇಲೆ ಚಿಕೋರಿ ಹಾಕಿ, ಯಂತ್ರಕ್ಕೆ ಸುರಿದು, ಇನ್ನೂ ಬಿಸಿಯಾರದ ಪುಡಿಯನ್ನು ಪೊಟ್ಟಣಕ್ಕೆ ತುಂಬುತ್ತಾರೆ. ತೂಗುವ ಮೊದಲು ಕಾಫಿ-ಚಿಕೋರಿಗಳ ಪಾಲಿನ ಬಗ್ಗೆ ಕೇಳುವ ಪ್ರಶ್ನೆ ‘ಎಂಬತ್ತು-ಇಪ್ಪತ್ತೋ, ಎಪ್ಪತ್ತು-ಮೂವತ್ತೋ’ ಎಂಬುದು. ಚಿಕೋರಿಯೆಂದರೆ ಹುರಿದ ಒಂದು ಬೇರಿನ ಪುಡಿ. ಅದರಲ್ಲಿ ಕೆಫೀನ್ ಇಲ್ಲ, ಡಿಕಾಕ್ಷನ್ನಿಗೆ ಅದು ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ. ಕಾಫಿಯೇ ನೂರಕ್ಕೆ ಕನಿಷ್ಠ 51 ಪಾಲು ಇರಬೇಕೆಂದು ಕಾನೂನು ಹೇಳುತ್ತದೆ, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಬೀಜದ ತೋಟವನ್ನು ಹೇಳಬೇಕೆಂಬ ನಿಯಮವಿಲ್ಲ, ಕೇಳುವ ರೂಢಿಯೂ ಬೆಳೆಯಲಿಲ್ಲ. ಪೀಬೆರಿಯ ಪಾಲು ಸ್ವಲ್ಪ ತಗ್ಗಿದರೂ ಮೊದಲ ಗುಟುಕಿಗೇ ಗುರುತಿಸುವ ಗೃಹಿಣಿಯರಿದ್ದ ಮನೆಗಳಲ್ಲಿ ನಾಲಿಗೆಯ ಚುರುಕಿಗೆ ಕೊರತೆಯಿರಲಿಲ್ಲ. ಆ ನಾಲಿಗೆಗೆ ತೋಟದ ಹೆಸರು ಮಾತ್ರ ಸಿಗಲಿಲ್ಲ.

1992ರಲ್ಲಿ ಪೂಲ್ ವ್ಯವಸ್ಥೆಯ ಸಡಿಲಿಕೆ ಆರಂಭವಾಗಿ 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಬೇಕಾದವರಿಗೆ ಮಾರಲು ಸಂಪೂರ್ಣ ಸ್ವತಂತ್ರನಾದ. ಹೊರಗೆ ಆಗಲೇ ಗಾಳಿ ಬದಲಾಗಿತ್ತು. ನಿರ್ದಿಷ್ಟ ಹವೆ-ನೆಲಗಳಿಂದ ಬಂದ ವಿಶಿಷ್ಟ ರುಚಿಯ ಕಾಫಿಗೆ ‘ಸ್ಪೆಷಾಲ್ಟಿ’ ಎಂಬ ಹೆಸರನ್ನು ಅಮೆರಿಕದ ಕಾಫಿ ವ್ಯಾಪಾರಿ ಎರ್ನಾ ಕ್ನೂಟ್ಸನ್ 1974ರಲ್ಲೇ ಬಳಸಿದ್ದರು. ಬೆಂಗಳೂರಿನಲ್ಲಿ ಈ ದಾರಿ ತೆರೆದವರಲ್ಲಿ ಕಾಫಿ ಬೋರ್ಡಿನ ಗುಣಮಟ್ಟ ವಿಭಾಗವನ್ನು ಮುನ್ನಡೆಸಿ, ಆಮೇಲೆ 1990ರ ದಶಕದಲ್ಲಿ ಕಾಫಿಲ್ಯಾಬ್ ಎಂಬ ಪರೀಕ್ಷಾಲಯ ಕಟ್ಟಿದ ಸುನಾಲಿನಿ ಮೆನನ್ ಅವರ ಹೆಸರು ಮೊದಲು ಬರುತ್ತದೆ. 2002ರಿಂದ ಬೋರ್ಡು ‘ಫ್ಲೇವರ್ ಆಫ್ ಇಂಡಿಯಾ’ ಎಂಬ ಸ್ಪರ್ಧೆ ನಡೆಸತೊಡಗಿ, ತೋಟಗಳ ಕಾಫಿಯನ್ನು ಬೇರೆಬೇರೆಯಾಗಿಯೇ ಸವಿದು ತೀರ್ಪು ಹೇಳುವ ವೇದಿಕೆ ಸಿಕ್ಕಿತು. ಜೊತೆಗೆ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ, ಹುರಿಯುವ-ಬಸಿಯುವ ತರಬೇತಿಗೆಂದು ‘ಕಾಪಿ ಶಾಸ್ತ್ರ’ ಎಂಬ ಶಿಬಿರಗಳೂ ಬಂದವು.

ಹೀಗೆ ಸವಿದು ತೀರ್ಪು ಹೇಳುವ ಪರೀಕ್ಷೆಗೆ ‘ಕಪ್ಪಿಂಗ್’ ಎಂದು ಹೆಸರು. ಮೇಜಿನ ಮೇಲೆ ಒಂದೊಂದು ತೋಟದ ಕಾಫಿಗೂ ಐದೈದು ಬಟ್ಟಲು. ಹಗುರವಾಗಿ ಹುರಿದು ತುಸು ತರಿಯಾಗಿ ಬೀಸಿದ ಪುಡಿ ಪ್ರತಿಯೊಂದರಲ್ಲೂ 8.25 ಗ್ರಾಂ, ಮೇಲೆ ಸುಮಾರು 93 ಡಿಗ್ರಿಯ 150 ಮಿಲಿಲೀಟರ್ ನೀರು. ಪುಡಿ ಮೇಲೆದ್ದು ಕೆನೆಯಂತೆ ಕಟ್ಟಿಕೊಳ್ಳುತ್ತದೆ. ನಾಲ್ಕು ನಿಮಿಷವಾದ ಮೇಲೆ ಪರೀಕ್ಷಕ ಬಾಗಿ, ಮೂಗನ್ನು ಬಟ್ಟಲಿನ ಅಂಚಿಗೆ ತಂದು, ಚಮಚದ ಬೆನ್ನಿನಿಂದ ಆ ಕೆನೆಯನ್ನು ಒಡೆಯುತ್ತಾನೆ. ಒಳಗೆ ಅಡಗಿದ್ದ ಘಮವೆಲ್ಲ ಒಮ್ಮೆಗೇ ಏಳುವ ಆ ಕ್ಷಣ ಮತ್ತೆ ಸಿಗುವುದಿಲ್ಲ. ಚರಟ ತಳ ಸೇರಿ ಬಿಸಿ 70 ಡಿಗ್ರಿಯ ಆಸುಪಾಸಿಗೆ ಇಳಿದಾಗ ಒಂದು ಚಮಚವನ್ನು ಸೊರ್ರೆಂದು ಸದ್ದಾಗುವಂತೆ ಹೀರಬೇಕು, ಏಕೆಂದರೆ ಹನಿಗಳು ಸಿಡಿದು ಅಂಗುಳಕ್ಕೂ ಮೂಗಿನ ಹಿಂಭಾಗಕ್ಕೂ ತಾಗಿದರೆ ಮಾತ್ರ ರುಚಿ ಮತ್ತು ವಾಸನೆ ಒಂದುಗೂಡುತ್ತವೆ. ಘಮ, ಸ್ವಾದ, ಹುಳಿ, ತೂಕ, ಹಿನ್ರುಚಿ ಮುಂತಾಗಿ ಹತ್ತು ಅಂಶಗಳಿಗೆ ಹತ್ತು ಹತ್ತು ಅಂಕ. ನೂರಕ್ಕೆ ಎಂಬತ್ತು ಮುಟ್ಟಿದ್ದು ಸ್ಪೆಷಾಲ್ಟಿ. ಬಟ್ಟಲು ಐದೇಕೆಂದರೆ ಒಂದೇ ಒಂದು ಹುಳಿತ ಬೀಜ ಒಂದು ಬಟ್ಟಲನ್ನು ಕೆಡಿಸಬಲ್ಲದು, ಉಳಿದ ನಾಲ್ಕು ಅದನ್ನು ಬಯಲಿಗೆಳೆಯುತ್ತವೆ. ಕಾಫಿ ಆರುತ್ತ ಹೋದಂತೆ ಮತ್ತೆ ಮತ್ತೆ ಸವಿಯಬೇಕು. ಬಿಸಿಯಲ್ಲಿ ಚೆಂದವೆನಿಸಿದ್ದು ಆರಿದಾಗ ಸಪ್ಪೆಯಾಗುವುದುಂಟು, ಒಳ್ಳೆಯ ಎತ್ತರದ ಕಾಫಿ ಆರಿದ ಮೇಲೆಯೇ ತನ್ನ ಸಿಹಿಯನ್ನು ಬಿಡುವುದೂ ಉಂಟು.

ಇಂಥ ಮೇಜುಗಳಿಂದಲೇ ತೋಟಗಳ ಹೆಸರು ಮರಳಿ ಬಂದವು. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್, ಚಿಕ್ಕಮಗಳೂರು ಸೀಮೆಯ ಕೆರೆಹಕ್ಲು, ಬಾಬಾಬುಡನ್‌ಗಿರಿಯ ರತ್ನಗಿರಿ, ಮಾಗುಂಡಿಯ ಸೇತುರಾಮನ್ ತೋಟ ಇವು ಇಂದು ಪೊಟ್ಟಣದ ಮೇಲೆ ಓದಲು ಸಿಗುವ ಹೆಸರುಗಳು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆಯಿತು. ಆದರೆ ಆ ಗುರುತು ಸೀಮೆಯದು, ತೋಟದ್ದಲ್ಲ. ಬರೋಲೊದಲ್ಲಿ 2010ರಲ್ಲಿ ಆದ ಕೆಲಸಕ್ಕೆ ಹೋಲಿಸಿದರೆ ಇದು ಮೊದಲ ಮೆಟ್ಟಿಲು.

ಇಲ್ಲಿಯೇ ಒಂದು ತಕರಾರನ್ನು ಎತ್ತಬೇಕಾಗಿದೆ. ಈಚಿನ ವರ್ಷಗಳಲ್ಲಿ ಗಾಳಿಯಾಡದ ಡ್ರಮ್ಮುಗಳಲ್ಲಿ ದಿನಗಟ್ಟಲೆ ಹುದುಗಿಸಿ, ಹಲಸಿನ ಹಣ್ಣನ್ನೋ ಹೆಂಡವನ್ನೋ ನೆನಪಿಸುವ ಘಮ ತರಿಸುವ ಪದ್ಧತಿ ಹಬ್ಬುತ್ತಿದೆ. ಅಂಥ ಲೋಟದಲ್ಲಿ ಸೋಜಿಗವಿದೆ, ನೆಲವಿಲ್ಲ. ಎರಡು ಊರುಗಳ ಕಾಫಿ ಹುದುಗಿನ ಘಮದಲ್ಲಿ ಮುಳುಗಿ ಒಂದೇ ಥರ ಆದರೆ ತೋಟದ ಹೆಸರಿಗೆ ಏನು ಅರ್ಥ ಉಳಿಯಿತು? 1980-90ರ ದಶಕಗಳಲ್ಲಿ ಬರೋಲೊದಲ್ಲೂ ಇದೇ ಜಗಳ ನಡೆದಿತ್ತು: ಫ್ರಾನ್ಸಿನ ಓಕ್ ಮರದ ಚಿಕ್ಕ ಹೊಸ ಪೀಪಾಯಿಗಳು ವೈನಿಗೆ ವೆನಿಲಾದ ಪರಿಮಳ ಹತ್ತಿಸಿ ಗುಡ್ಡದ ಗುರುತನ್ನು ಮರೆಮಾಡುತ್ತವೆಂದು ಹಳಬರು ಪಟ್ಟು ಹಿಡಿದರು, ಕ್ರಮೇಣ ಹಲವರು ದೊಡ್ಡ ಹಳೆಯ ಪೀಪಾಯಿಗೆ ಮರಳಿದರು. ಮಲೆನಾಡಿನ ಕಾಫಿಗೆ ಹೂಮಳೆ ಯಾವಾಗ ಬಿತ್ತು, ನೆರಳು ಎಷ್ಟಿತ್ತು, ಹಣ್ಣನ್ನು ಎಷ್ಟು ಕೆಂಪಾದ ಮೇಲೆ ಕುಯ್ದರು, ಕಣದಲ್ಲಿ ಎಷ್ಟು ನಿಧಾನವಾಗಿ ಒಣಗಿಸಿದರು ಎಂಬವೇ ಸಾಕಷ್ಟು ಮಾತಾಡುತ್ತವೆ. ಅವುಗಳ ದನಿ ಕೇಳಿಸುವಷ್ಟು ಸರಳವಾಗಿ ಸಂಸ್ಕರಿಸುವುದು ಹೆಚ್ಚು ಕಷ್ಟದ, ಹೆಚ್ಚು ಬೆಲೆಯುಳ್ಳ ಕೆಲಸ.

ರುಚಿಯನ್ನು ಹೇಳುವ ಮಾತೂ ಹೊರಗಿನಿಂದಲೇ ಬಂದು ಕೂತಿದೆ. ಪೊಟ್ಟಣಗಳ ಮೇಲೆ ಬ್ಲೂಬೆರಿ, ಹೇಝಲ್‌ನಟ್ ಎಂದು ಬರೆದಿರುತ್ತದೆ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವರ ನೆನಪಿನಲ್ಲಿ ಆ ರುಚಿಗಳಿಲ್ಲ. ನೇರಳೆ, ಹುಣಸೆ, ಕಿತ್ತಳೆ ಸಿಪ್ಪೆ, ಜೋನಿಬೆಲ್ಲ, ಹುರಿದ ಕಡಲೆ, ಏಲಕ್ಕಿ ಇವೆ. ಷಡ್ರಸಗಳನ್ನು ಎಣಿಸುವ ಪರಂಪರೆ ‘ಒಗರ’ನ್ನು ಸಿಹಿ-ಹುಳಿಗಳ ಸಾಲಿನಲ್ಲೇ ಕೂರಿಸಿದೆ, ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಂಡಂತಾಗುವ ಅದೇ ಗುಣವೇ ನೆಬ್ಬಿಯೋಲೊ ವೈನಿನ ಕೇಂದ್ರದಲ್ಲಿರುವುದು, ಅರೆಬಲಿತ ಹಣ್ಣಿನ ಕಾಫಿಯನ್ನು ಕೆಡಿಸುವುದು.

ಇನ್ನೂ ಬಗೆಹರಿಯದ ಪ್ರಶ್ನೆ ಹಾಲಿನದು. ಕಪ್ಪಿಂಗಿನ ಅಂಕಪಟ್ಟಿ ಹಾಲಿಲ್ಲದ ಕಾಫಿಗೆ ರೂಪುಗೊಂಡದ್ದು. ಅದರಲ್ಲಿ ಮೇಲೇರುವ ತೀಕ್ಷ್ಣ ಹುಳಿಯ ಅರೇಬಿಕಾ ಹಾಲು ಬೆರೆತರೆ ತೆಳ್ಳಗಾಗಿ ಕಳೆದುಹೋಗುತ್ತದೆ. ಹಾಲಿನಲ್ಲೂ ಮಂದತೆ ಉಳಿಸಿಕೊಳ್ಳುವ, ಭಾರತದ ಬೆಳೆಯಲ್ಲಿ ಸುಮಾರು ಮುಕ್ಕಾಲು ಪಾಲಿನಷ್ಟಿರುವ ರೊಬಸ್ಟಾ ಜಾತಿಯನ್ನು ಬಹುಕಾಲ ಕೀಳೆಂದೇ ಎಣಿಸಲಾಗಿತ್ತು. ಅದನ್ನು ಮೆಚ್ಚಿ ಅತಿ ಹೆಚ್ಚು ಕೊಂಡದ್ದು ಮತ್ತೆ ಇಟಲಿಯೇ; ವೈನಿನಲ್ಲಿ ಗುಡ್ಡ ಗುಡ್ಡದ ಹೆಸರನ್ನು ಕಾಪಾಡಿದ ಆ ದೇಶ ಕಾಫಿಯಲ್ಲಿ ಮಿಶ್ರಣವನ್ನೇ ನೆಚ್ಚಿ, ಎಸ್ಪ್ರೆಸೊದ ನೊರೆಗೂ ಮಂದತೆಗೂ ನಮ್ಮ ತೊಳೆದ ರೊಬಸ್ಟಾವನ್ನು ಬಳಸುತ್ತದೆ. 2010ರ ಸುಮಾರಿಗೆ ಉತ್ತಮ ರೊಬಸ್ಟಾಕ್ಕೆಂದೇ ಪ್ರತ್ಯೇಕ ಅಂಕಪಟ್ಟಿ ಬಂದ ಮೇಲೆ ಮಾಗುಂಡಿಯಂಥ ಊರುಗಳ ರೊಬಸ್ಟಾ ತೋಟದ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಹಳೆಯ ಬೆಂಗಳೂರಿನ ಅಡುಗೆಮನೆಗೆ ತೋಟದ ರುಚಿ ಹೊಗುವ ಬಾಗಿಲು ಇದೇ ಇರಬಹುದು. ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇದೆ: ಮೂರು ಪುಟ್ಟ ಹಿತ್ತಾಳೆ ಫಿಲ್ಟರುಗಳಲ್ಲಿ ಮೂರು ತೋಟಗಳ ಪುಡಿಯನ್ನು, ಹುರಿದ ಹದ ಒಂದೇ ಇರುವಂತೆ, ಚಿಕೋರಿ ಸೇರಿಸದೆ, ಒಂದೇ ಅಳತೆಯಲ್ಲಿ ಹಾಕಿ, ಮೊದಲ ಡಿಕಾಕ್ಷನ್ ಇಳಿದ ಮೇಲೆ ಒಂದೊಂದು ಚಮಚ ಬರಿದೇ ಸವಿದು, ಆಮೇಲೆ ಸಮ ಪ್ರಮಾಣದ ಬಿಸಿಹಾಲು ಬೆರೆಸಿ, ಸಕ್ಕರೆ ಹಾಕದೆ, ಮೂರೂ ಲೋಟಗಳು ಉಗುರುಬೆಚ್ಚಗಾಗುವವರೆಗೆ ಕಾದು ಕುಡಿದರೆ, ಹಾಲನ್ನು ಭೇದಿಸಿ ಬಂದ ತೋಟ ಯಾವುದು, ಹಾಲಿನಲ್ಲಿ ಕರಗಿಹೋದದ್ದು ಯಾವುದು ಎಂಬುದು ಎರಡನೆಯ ಗುಟುಕಿಗೇ ತಿಳಿಯುತ್ತದೆ.