ತಲೆಬಾಗಿ ನೋಡುವ ಸ್ಮಾರಕ

ಯುದ್ಧಸ್ಮಾರಕವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕುದುರೆಯೇರಿದ ಸೇನಾನಿ, ಎತ್ತಿದ ಖಡ್ಗ. ಆಸ್ಟ್ರೇಲಿಯದ ಸಿಡ್ನಿ ನಗರದ ಹೈಡ್ ಪಾರ್ಕಿನಲ್ಲಿ 1934ರಲ್ಲಿ ಉದ್ಘಾಟನೆಗೊಂಡ ಆನ್ಜ್ಯಾಕ್ ಸ್ಮಾರಕದ ಹೃದಯಭಾಗದಲ್ಲಿ ಇವೆರಡೂ ಇಲ್ಲ.

ವಾಸ್ತುಶಿಲ್ಪಿ ಬ್ರೂಸ್ ಡೆಲಿಟ್ ಮತ್ತು ಶಿಲ್ಪಿ ರೇನರ್ ಹಾಫ್ ಇಲ್ಲಿ ಕಟ್ಟಡವನ್ನೂ ಶಿಲ್ಪವನ್ನೂ ಒಂದಾಗಿ ಬೆಸೆದಿದ್ದಾರೆ. ಗುಮ್ಮಟದ ಒಳಮೈಯಲ್ಲಿ 1,20,000 ಹೊನ್ನಬಣ್ಣದ ನಕ್ಷತ್ರಗಳು. ಮೊದಲ ಮಹಾಯುದ್ಧಕ್ಕೆ ಸೇರಿದ ನ್ಯೂ ಸೌತ್ ವೇಲ್ಸ್ ಪ್ರಾಂತದವರ ನೆನಪಿಗೆ. ಅದರಡಿಯ ನೆಲದ ನಡುವೆ ಒಂದು ದುಂಡು ತೆರಪು. ಅದರ ಅಂಚಿಗೆ ಬಂದವರು ತಲೆಬಾಗಿಸಿಯೇ ಕೆಳಗಿನ ಕಂಚಿನ ಶಿಲ್ಪವನ್ನು ನೋಡಬೇಕು. ಗುರಾಣಿಯ ಮೇಲೆ ಸತ್ತು ಮಲಗಿದ ಬೆತ್ತಲೆ ತರುಣ. ಅವನನ್ನು ಹೊತ್ತವರು ತಾಯಿ, ಸೋದರಿ, ಕೂಸನ್ನೆತ್ತಿದ ಮಡದಿ. ಹಾಫ್ ಸ್ವತಃ ಆ ಯುದ್ಧವನ್ನು ಕಂಡುಬಂದ ಸೈನಿಕ. ಶಿಲುಬೆಯ ಮೇಲೆ ನಗ್ನ ಸ್ತ್ರೀಯನ್ನು ತೋರಿಸುವ ಅವರ ಇನ್ನೊಂದು ರಚನೆ ಕ್ಯಾಥೊಲಿಕ್ ಗುರುಗಳ ವಿರೋಧಕ್ಕೆ ಗುರಿಯಾಯಿತು; ಅದನ್ನು ಅಲ್ಲಿ ನಿಲ್ಲಿಸಲೇ ಇಲ್ಲ.

2018ರಲ್ಲಿ ಸ್ಮಾರಕವನ್ನು ವಿಸ್ತರಿಸಿದಾಗ, ಸೈನ್ಯಕ್ಕೆ ಸೇರಿದವರು ತಮ್ಮ ಊರೆಂದು ಬರೆಸಿದ್ದ 1,701 ಸ್ಥಳಗಳ ಮಣ್ಣನ್ನು ತಂದು ಅಲ್ಲಿರಿಸಿದರು.

ಅಂಕಿಗಳೊಡನೆಯೇ ದಿನಗಳೆಯುವ ನನಗೆ 1,20,000 ಎಂಬುದು ದೊಡ್ಡದೊಂದು ಮೊತ್ತ, ಅಷ್ಟೆ. ಆ ಮೂವರು ಹೆಂಗಸರ ಚಿತ್ರ ನೋಡಿದ ಮೇಲೆ ಅದು ಮನೆಗಳ ಲೆಕ್ಕವಾಯಿತು. ಊರಿನ ಮಣ್ಣಿನ ಬೆಲೆಯನ್ನು ಗಡಿನಾಡಿನವರಾದ ನಮಗೆ ಬೇರೆ ಹೇಳಬೇಕೇ?